ಇಲ್ಲದಿರುವಿಕೆಯೆಂಬ ಸಾಕ್ಷ್ಯ: ಸಹಜ ಮಾರಕ ಕೋಶಗಳ ಸಂಶೋಧನೆಯ ಚರಿತ್ರೆ

ಶಾಸನವು ಒಂದು ಸಂಗತಿಯನ್ನು ಹೇಳಲಿಲ್ಲವೆಂದ ಮಾತ್ರಕ್ಕೆ ಆ ಸಂಗತಿಯೇ ನಡೆಯಲಿಲ್ಲವೆಂದು ನಿರ್ಣಯಿಸಬಾರದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ನಾವು ಮೊದಲು ಹೇಳಿಕೊಡುವ ಪಾಠಗಳಲ್ಲೊಂದು. ಆದರೆ ಈ ನಿಯಮಕ್ಕೂ ಮಿತಿಯುಂಟು. ರಾಜಮುದ್ರೆ ಇರಲೇಬೇಕಾದ ತಾಮ್ರಶಾಸನದಲ್ಲಿ ಅದು ಕಾಣದಿದ್ದರೆ ಪರೀಕ್ಷಕನಿಗೆ ಸಂಶಯ ಹುಟ್ಟುವುದು ಸಹಜ. ಹಾಗಾದರೆ ಇಲ್ಲದಿರುವಿಕೆ ಸಾಕ್ಷ್ಯವಾಗುವುದು ಯಾವಾಗ? ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೀವವಿಜ್ಞಾನದಲ್ಲಿಯೂ ಎದ್ದಿತು. ಅದರ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

೧೯೭೦ರ ದಶಕದ ಆದಿಯಲ್ಲಿ ಹಲವು ಪ್ರಯೋಗಶಾಲೆಗಳು ಕ್ಯಾನ್ಸರ್ ರೋಗಿಗಳ ಲಿಂಫೋಸೈಟುಗಳು, ಎಂದರೆ ಒಂದು ಬಗೆಯ ಬಿಳಿಯ ರಕ್ತಕಣಗಳು, ಗೆಡ್ಡೆಯ ಕೋಶಗಳನ್ನು ಕೊಲ್ಲಬಲ್ಲವೇ ಎಂದು ಪರೀಕ್ಷಿಸುತ್ತಿದ್ದುವು. ಹೋಲಿಕೆಗಾಗಿ ಆರೋಗ್ಯವಂತರ ಕಣಗಳನ್ನೂ ಪರೀಕ್ಷಿಸುವುದು ವಾಡಿಕೆ. ಆಶ್ಚರ್ಯವೆಂದರೆ, ಗೆಡ್ಡೆಯ ಪರಿಚಯವೇ ಇಲ್ಲದ ಈ ಕಣಗಳೂ ಅದನ್ನು ಕೊಲ್ಲುತ್ತಿದ್ದುವು. ಅನೇಕರು ಇದನ್ನು ಪ್ರಯೋಗದ ದೋಷವೆಂದು ಬಗೆದು ಬದಿಗಿಟ್ಟರು. ೧೯೭೫ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್, ಎವಾ ಕ್ಲೈನ್, ಹ್ಯಾನ್ಸ್ ವಿಗ್ಸೆಲ್ ಅವರೂ, ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್ಮನ್ ಮತ್ತು ಅವರ ಸಹೋದ್ಯೋಗಿಗಳೂ ಈ ‘ದೋಷ’ವೇ ಒಂದು ಹೊಸ ಸಂಗತಿಯೆಂದು ಇಲಿಗಳಲ್ಲಿ ತೋರಿಸಿದರು. ಮುಂಚಿತವಾದ ಪರಿಚಯವಿಲ್ಲದೆಯೇ ಕೊಲ್ಲುವುದರಿಂದ ಈ ಕಣಗಳಿಗೆ ‘ಸಹಜ ಮಾರಕ ಕೋಶ’ಗಳೆಂಬ ಹೆಸರು ನಿಂತಿತು.

ಆದರೆ ಅವು ತಮ್ಮ ಗುರಿಯನ್ನು ಗುರುತಿಸುವ ಬಗೆ ತಿಳಿಯದಾಯಿತು. ದೇಹದ ಬಹುಪಾಲು ಕೋಶಗಳ ಮೇಲೆ ‘ಎಂ.ಎಚ್.ಸಿ. ಒಂದನೆಯ ವರ್ಗ’ವೆಂಬ ಪ್ರೋಟೀನುಗಳಿರುತ್ತವೆ. ಇವು ಕೋಶದ ಒಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಗೆ ಎತ್ತಿ ತೋರಿಸುತ್ತವೆ. ಮಾರಕ ಟಿ-ಕೋಶಗಳು ವೈರಸ್ಸಿನ ತುಣುಕನ್ನು ಈ ಪ್ರೋಟೀನಿನ ಜೊತೆಯಲ್ಲಿ ಮಾತ್ರ ಗುರುತಿಸುತ್ತವೆಂದು ೧೯೭೪ರಲ್ಲಿ ಜಿಂಕರ್ನಾಗೆಲ್ ಮತ್ತು ಡೊಹರ್ಟಿ ತೋರಿಸಿದ್ದರು. ೧೯೯೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸಹಜ ಮಾರಕ ಕೋಶಗಳಾದರೋ ಈ ನಿಯಮಕ್ಕೆ ಒಳಪಡಲಿಲ್ಲ.

ಇದಕ್ಕೂ ಹಿಂದಿನ ಇನ್ನೊಂದು ಸಮಸ್ಯೆಯೂ ಬಗೆಹರಿಯದೆ ಉಳಿದಿತ್ತು. ತಂದೆತಾಯಿಗಳಿಬ್ಬರ ಗುರುತುಗಳನ್ನೂ ಪಡೆದ ಮಿಶ್ರತಳಿಯ ಇಲಿಮರಿಗೆ ಅವರಲ್ಲೊಬ್ಬರ ಅಸ್ಥಿಮಜ್ಜೆಯಲ್ಲಿ ಪರಕೀಯವಾದುದು ಏನೂ ಇಲ್ಲ. ಆದರೂ ಕೆಲವು ತಳಿಗಳಲ್ಲಿ ಮರಿಯ ದೇಹವು ಆ ಮಜ್ಜೆಯನ್ನು ತಿರಸ್ಕರಿಸುತ್ತಿದ್ದುದನ್ನು ಕುಡ್ಕೊವಿಚ್ ಮತ್ತು ಸ್ಟಿಂಪ್‌ಫ್ಲಿಂಗ್ ೧೯೬೪ರಲ್ಲಿಯೇ ವರದಿ ಮಾಡಿದ್ದರು.

ಈ ಎರಡು ಒಗಟುಗಳನ್ನೂ ಒಂದೇ ಸೂತ್ರದಿಂದ ಬಿಡಿಸಿದವರು ಕರೋಲಿನ್ಸ್ಕಾದ ಕ್ಲಾಸ್ ಕೆರ್ರೆ. ಅದುವರೆಗೆ ಎಲ್ಲರೂ ಈ ಕೋಶಗಳು ಏನನ್ನು ಕಂಡು ಕೊಲ್ಲುತ್ತವೆಂದು ಕೇಳುತ್ತಿದ್ದರು. ಏನನ್ನು ಕಾಣದಿದ್ದಾಗ ಕೊಲ್ಲುತ್ತವೆಂದು ಕೆರ್ರೆ ಕೇಳಿದರು. ೧೯೮೧ರ ತಮ್ಮ ಡಾಕ್ಟೊರೇಟ್ ಪ್ರಬಂಧದಲ್ಲಿ ಈ ಊಹೆಯನ್ನು ಮುಂದಿಟ್ಟ ಅವರು, ೧೯೮೬ರಲ್ಲಿ ಸಹೋದ್ಯೋಗಿಗಳೊಡನೆ ಅದರ ಪ್ರಮಾಣವನ್ನು ಪ್ರಕಟಿಸಿದರು. ಎಂ.ಎಚ್.ಸಿ. ಪ್ರೋಟೀನು ಉಳ್ಳ ಲಿಂಫೋಮಾ ಕೋಶಗಳು ಇಲಿಗಳಲ್ಲಿ ಬೆಳೆದುವು. ಅದನ್ನು ಕಳೆದುಕೊಂಡ ಕೋಶಗಳನ್ನು ಇಲಿಗಳು ತಿರಸ್ಕರಿಸಿದುವು. ಸಹಜ ಮಾರಕ ಕೋಶಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಈ ವ್ಯತ್ಯಾಸ ಉಳಿಯಲಿಲ್ಲ. ಇದನ್ನು ನಾವು ‘ಸ್ವತ್ವಲೋಪ ವಾದ’ವೆಂದು ಕರೆಯಬಹುದು. ಮಿಶ್ರತಳಿಯ ಒಗಟೂ ಇದರಿಂದ ತಿಳಿಯಾಯಿತು: ಒಬ್ಬರ ಮಜ್ಜೆಯಲ್ಲಿ ಇನ್ನೊಬ್ಬರ ಗುರುತು ಇಲ್ಲದಿರುವುದೇ ತಿರಸ್ಕಾರಕ್ಕೆ ಕಾರಣ. ಟಿ-ಕೋಶಗಳ ಕಣ್ಣು ತಪ್ಪಿಸಲು ಕೆಲವು ವೈರಸ್ಸುಗಳೂ ಅನೇಕ ಗೆಡ್ಡೆಗಳೂ ಈ ಪ್ರೋಟೀನನ್ನು ಮರೆಮಾಡುತ್ತವೆ. ಮರೆಮಾಡಿದ ಕೂಡಲೆ ಸಹಜ ಮಾರಕ ಕೋಶಗಳ ಸಂಶಯಕ್ಕೆ ಗುರಿಯಾಗುತ್ತವೆ.

ಊಹೆ ನಿಜವಾದರೆ ಗುರುತನ್ನು ಓದಿ ಕೈತಡೆಯುವ ಗ್ರಾಹಕಗಳು ಇರಲೇಬೇಕು. ೧೯೯೨ರಲ್ಲಿ ಯೋಕೊಯಾಮ ಮತ್ತು ಅವರ ಸಹೋದ್ಯೋಗಿಗಳು ಇಲಿಗಳಲ್ಲಿ ‘ಎಲ್‌ವೈ-೪೯’ ಎಂಬ ಗ್ರಾಹಕದ ಈ ಕೆಲಸವನ್ನು ತೋರಿಸಿದರು. ಮನುಷ್ಯರಲ್ಲಿ ಇಟಲಿಯ ಮೊರೆಟ್ಟಾ ಸಹೋದರರ ಶೋಧನೆಗಳು ಹಾದಿ ಮಾಡಿಕೊಟ್ಟುವು, ‘ಕೆ.ಐ.ಆರ್.’ ಎಂಬ ಗ್ರಾಹಕಗಳ ವಂಶವಾಹಿಗಳು ೧೯೯೫ರಲ್ಲಿ ದೊರೆತುವು. ಈ ಎರಡು ಗ್ರಾಹಕಗಳ ರಚನೆ ಬೇರೆ ಬೇರೆ, ಕಾರ್ಯ ಒಂದೇ. ಒಂದೇ ಅಗತ್ಯವನ್ನು ಪ್ರಕೃತಿಯು ಎರಡು ದಾರಿಗಳಿಂದ ಪೂರೈಸಿಕೊಂಡಿದೆ.

ಇಲ್ಲಿಗೆ ಕಥೆ ಮುಗಿಯಿತೆಂದರೆ ಚರಿತ್ರೆಗೆ ಅಪಚಾರವಾದೀತು. ನಮ್ಮ ಕೆಂಪು ರಕ್ತಕಣಗಳಲ್ಲಿ ಈ ಗುರುತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಅವು ಸಾಯುವುದಿಲ್ಲ. ಆದುದರಿಂದ ಲೋಪವೊಂದೇ ಸಾಲದು, ಪ್ರಚೋದನೆಯೂ ಬೇಕು. ೧೯೯೯ರಲ್ಲಿ ‘ಎನ್‌ಕೆಜಿ೨ಡಿ’ ಎಂಬ ಗ್ರಾಹಕವು, ಸಂಕಟಕ್ಕೊಳಗಾದ ಕೋಶಗಳು ಹೊರಚಾಚುವ ‘ಮೈಕಾ’ ಪ್ರೋಟೀನನ್ನು ಗುರುತಿಸುವುದೆಂದು ತಿಳಿಯಿತು. ೨೦೦೨ರಲ್ಲಿ ಇಲಿಯ ‘ಎಲ್‌ವೈ-೪೯ಎಚ್’ ಗ್ರಾಹಕವು ಸೈಟೊಮೆಗಲೊವೈರಸ್ಸಿನ ಪ್ರೋಟೀನನ್ನೇ ನೇರವಾಗಿ ಹಿಡಿಯುವುದೆಂದು ಎರಡು ತಂಡಗಳು ಕಂಡುವು. ಅಂತೂ ತಡೆಯುವ ಸಂಕೇತಗಳನ್ನೂ ಪ್ರಚೋದಿಸುವ ಸಂಕೇತಗಳನ್ನೂ ತೂಗಿ ನೋಡಿಯೇ ಕೋಶವು ತೀರ್ಮಾನಕ್ಕೆ ಬರುತ್ತದೆ. ಮೇಲಾಗಿ ಈ ತೂಕವೂ ಹುಟ್ಟಿನಿಂದ ಬಂದುದಲ್ಲ. ಎಂ.ಎಚ್.ಸಿ. ಗುರುತೇ ಇಲ್ಲದ ಇಲಿಗಳ ಮಾರಕ ಕೋಶಗಳು ತಮ್ಮ ದೇಹದ ಮೇಲೆ ಬೀಳದೆ ಸುಮ್ಮನಿರುವುದು ೧೯೯೧ರಲ್ಲಿ ತಿಳಿದಿತ್ತು. ಸ್ವತ್ವದ ಗುರುತನ್ನು ಕಂಡು ಪಳಗಿದ ಕೋಶಕ್ಕೆ ಮಾತ್ರ ಕೊಲ್ಲುವ ಪೂರ್ಣ ಸಾಮರ್ಥ್ಯ ಬರುವುದೆಂದು ೨೦೦೫ರ ಶೋಧನೆಗಳು ವಿವರಿಸಿದುವು.

ಇದು ಕೇವಲ ವಿದ್ವತ್ತಿನ ವಿಷಯವಲ್ಲ. ಈ ಕೋಶಗಳೇ ಇಲ್ಲದ ಹದಿಹರೆಯದ ಹುಡುಗಿಯೊಬ್ಬಳು ಹರ್ಪಿಸ್ ವರ್ಗದ ವೈರಸ್ಸುಗಳಿಂದ ಪದೇ ಪದೇ ತೀವ್ರವಾಗಿ ನರಳಿದ ವೃತ್ತಾಂತವು ೧೯೮೯ರಲ್ಲಿ ಪ್ರಕಟವಾಯಿತು. ರೋಗಿಯ ಕೋಶಗಳಲ್ಲಿ ತಮ್ಮ ಗುರುತನ್ನು ಕಾಣದ ದಾನಿಯ ಮಾರಕ ಕೋಶಗಳು, ಒಂದು ಬಗೆಯ ರಕ್ತದ ಕ್ಯಾನ್ಸರ್ ಮರುಕಳಿಸುವುದನ್ನು ತಗ್ಗಿಸುತ್ತವೆಂದು ೨೦೦೨ರಲ್ಲಿ ಇಟಲಿಯ ಪೆರೂಜಾದ ಸಂಶೋಧಕರು ತಿಳಿಸಿದರು.

ಮೇಲಣ ವೃತ್ತಾಂತದಿಂದ ನಾವು ಎರಡು ನಿರ್ಣಯಗಳಿಗೆ ಬರಬಹುದು. ದೋಷವೆಂದು ಬದಿಗಿಟ್ಟ ಸಾಕ್ಷ್ಯವನ್ನು ಮತ್ತೆ ಓದುವ ತಾಳ್ಮೆಯೇ ಈ ಶೋಧನೆಯ ಮೂಲ; ಇದು ಮೊದಲನೆಯದು. ಎರಡನೆಯದು ನಮ್ಮ ಆರಂಭದ ಪ್ರಶ್ನೆಗೆ ಉತ್ತರ. ಇರುವಿಕೆಯೇ ನಿಯಮವಾದಲ್ಲಿ ಮಾತ್ರ ಇಲ್ಲದಿರುವಿಕೆ ಸಾಕ್ಷ್ಯವಾಗುತ್ತದೆ. ಅಲ್ಲಿಯೂ ಬೇರೊಂದು ಪ್ರಮಾಣದ ಬೆಂಬಲವಿಲ್ಲದೆ ಅದರ ಮೇಲೆ ತೀರ್ಪು ಕೊಡುವಂತಿಲ್ಲ. ಮುದ್ರೆಯಿಲ್ಲದ ಶಾಸನವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಲಿಪಿಯನ್ನೂ ಭಾಷೆಯನ್ನೂ ಪರೀಕ್ಷಿಸಿದ ಬಳಿಕವೇ ಅದನ್ನು ಕೃತಕವೆನ್ನಬೇಕು. ಈ ಎಚ್ಚರವನ್ನು ನಮ್ಮ ರಕ್ತದಲ್ಲಿನ ಕೋಶಗಳೂ ಪಾಲಿಸುತ್ತಿರುವುದು ಗಮನಾರ್ಹವಾಗಿದೆ.