‘ಶ್ಯಾಲ್’ ಮತ್ತು ‘ತಕ್ಕದ್ದು’: 1953ರ ಬಳ್ಳಾರಿಯ ಒಂದು ವಾಕ್ಯ

1953ರ ಅಕ್ಟೋಬರ್ 1ರಂದು ಸಿರುಗುಪ್ಪ ಸೀಮೆಯ ಸಿರಿಗೇರಿಯು ಮದ್ರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಊರು ಕದಲಲಿಲ್ಲ, ಗಡಿ ಕದಲಿತು. ಅದನ್ನು ಕದಲಿಸಿದ್ದು 1953ರ ಆಂಧ್ರ ರಾಜ್ಯ ಅಧಿನಿಯಮದ 4ನೆಯ ಪ್ರಕರಣ. ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳ ಹೊರತಾಗಿ ಬಳ್ಳಾರಿ ಜಿಲ್ಲೆಯ ಪ್ರದೇಶವು ಮೈಸೂರಿಗೆ ಸೇರುವುದನ್ನೂ ಮದ್ರಾಸಿನ ಭಾಗವಾಗಿ ಉಳಿಯದಿರುವುದನ್ನೂ ಅದು ವಿಧಿಸುತ್ತದೆ. ಎರಡೂ ಕಡೆ ಬಳಕೆಯಾಗಿರುವ ಸಹಾಯಕ ಕ್ರಿಯಾಪದ ‘ಶ್ಯಾಲ್’. ಈ ‘ಶ್ಯಾಲ್’ ಯಾರ ಮೇಲೆ ಕರ್ತವ್ಯವನ್ನು ಹೊರಿಸುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಕನ್ನಡದ ಶಾಸನಭಾಷೆಯಲ್ಲಿ ‘ಶ್ಯಾಲ್’ಗೆ ‘ತಕ್ಕದ್ದು’, ‘ಮೇ’ಗೆ ‘ಬಹುದು’ ಎಂಬ ಸಮೀಕರಣ ರೂಢಿಯಲ್ಲಿದೆ. ಅದರಂತೆ ಮೇಲಿನ ವಾಕ್ಯವನ್ನು ‘ಸೇರಿಸತಕ್ಕದ್ದು’ ಎಂದು ಅನುವಾದಿಸಿದರೆ, ಸೇರಿಸಬೇಕಾದವರು ಯಾರು, ಅವರು ಸೇರಿಸದಿದ್ದರೆ ಗತಿಯೇನು ಎಂಬ ಸಂದೇಹಗಳು ಏಳುತ್ತವೆ. ಮೂಲದಲ್ಲಿ ಅವುಗಳಿಗೆ ಎಡೆಯಿಲ್ಲ. ನಿಗದಿತ ದಿನ ಬಂದೊಡನೆ ಪ್ರದೇಶವು ಸೇರಿಯೇ ಬಿಡುತ್ತದೆ.

ಈ ವ್ಯತ್ಯಾಸದ ಬೇರು ಪದಗಳ ಚರಿತ್ರೆಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಶ್ಯಾಲ್’ ಋಣಿಯಾಗಿರುವುದನ್ನೂ ‘ವಿಲ್’ ಇಚ್ಛೆಯನ್ನೂ ಸೂಚಿಸುತ್ತಿದ್ದವು. 1653ರಲ್ಲಿ ಜಾನ್ ವಾಲಿಸ್ ತನ್ನ ಲ್ಯಾಟಿನ್ ಭಾಷೆಯ ಇಂಗ್ಲಿಷ್ ವ್ಯಾಕರಣದಲ್ಲಿ ಇವುಗಳನ್ನು ಪುರುಷಾನುಸಾರ ವಿಂಗಡಿಸಿದನು. ಉತ್ತಮ ಪುರುಷದಲ್ಲಿ ‘ಶ್ಯಾಲ್’ ಕೇವಲ ಭವಿಷ್ಯವನ್ನು ನುಡಿಯುತ್ತದೆ. ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಅದು ವಕ್ತೃವಿನ ವಾಗ್ದಾನ ಅಥವಾ ಬೆದರಿಕೆ. ಅಂದರೆ ಪ್ರಥಮ ಪುರುಷದ ‘ಶ್ಯಾಲ್’ನಲ್ಲಿ ವ್ಯಕ್ತವಾಗುವುದು ಕರ್ತೃವಿನ ಸಂಕಲ್ಪವಲ್ಲ, ಮಾತನಾಡುವವನ ಸಂಕಲ್ಪ. ಶಾಸನದಲ್ಲಿ ಆ ವಕ್ತೃ ಶಾಸಕಾಂಗವೇ. ಕರ್ತೃಸ್ಥಾನದಲ್ಲಿ ಅಧಿಕಾರಿಯಿದ್ದರೆ ಸಂಕಲ್ಪವು ಅವನಿಗೆ ಕರ್ತವ್ಯವಾಗುತ್ತದೆ. ನೆಲವಿದ್ದರೆ ಅದು ಘೋಷಣೆಯಾಗಿಯೇ ನಿಲ್ಲುತ್ತದೆ.

‘ತಕ್ಕದ್ದು’ ಹುಟ್ಟಿದ್ದು ಯೋಗ್ಯವಾಗು ಎಂಬರ್ಥದ ‘ತಗು’ ಧಾತುವಿನಿಂದ. ಔಚಿತ್ಯದಿಂದ ವಿಧಿಯವರೆಗೆ ಅದರ ಅರ್ಥ ಬೆಳೆದಿದೆಯಾದರೂ, ‘ಮಾಡತಕ್ಕದ್ದು’ ಎಂದಾಗ ಮಾಡುವವನೊಬ್ಬನನ್ನು ಅದು ಇಂದಿಗೂ ನಿರೀಕ್ಷಿಸುತ್ತದೆ.

ಮಾಡುವವನಿದ್ದಲ್ಲಿಯೂ ತೊಡಕು ತೀರುವುದಿಲ್ಲ. ಸರಕಾರಿ ನೌಕರರ ಶಿಸ್ತುಕ್ರಮಗಳಲ್ಲಿ ಲೋಕಸೇವಾ ಆಯೋಗದೊಡನೆ ಸಮಾಲೋಚಿಸುವ ಬಗ್ಗೆ ಸಂವಿಧಾನದ 320(3)ನೆಯ ವಿಧಿಯಲ್ಲಿರುವ ‘ಶ್ಯಾಲ್’ ಕಡ್ಡಾಯಾರ್ಥದ್ದಲ್ಲ, ನಿರ್ದೇಶನಾರ್ಥದ್ದು ಎಂದು ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಪಿತ್ತಿತು. ಸಮಾಲೋಚನೆ ನಡೆಯದ ಮಾತ್ರಕ್ಕೆ ಸರಕಾರದ ಆದೇಶ ಅಸಿಂಧುವಾಗಲಿಲ್ಲ. ಅಲ್ಲಿ ‘ಮಸ್ಟ್’ ಎಂದಿದ್ದರೆ ಇಂಥ ವ್ಯಾಖ್ಯಾನಕ್ಕೆ ಅವಕಾಶ ಕಿರಿದಾಗುತ್ತಿತ್ತು.

ಆದ್ದರಿಂದ ಪದಕ್ಕೆ ಪದ ಎಂಬ ಕ್ರಮ ಸಾಲದು. ಅನುವಾದಕನು ಮೊದಲು ಕರ್ತೃವನ್ನು ಗುರುತಿಸಬೇಕು. ಆ ಕರ್ತೃ ಆಜ್ಞೆಯನ್ನು ಪಾಲಿಸಬಲ್ಲ ವ್ಯಕ್ತಿ ಅಥವಾ ಸಂಸ್ಥೆಯಾಗಿದ್ದರೆ ‘ತಕ್ಕದ್ದು’ ಸಲ್ಲುತ್ತದೆ. ಇಲ್ಲವಾದರೆ ‘ಸೇರುತ್ತದೆ’, ‘ಆಗುತ್ತದೆ’ ಎಂಬ ಸರಳ ಕ್ರಿಯಾರೂಪವೇ ನಿಖರ. ಸಿರಿಗೇರಿಯನ್ನು ಮೈಸೂರಿಗೆ ಯಾರೂ ಸೇರಿಸಬೇಕಾಗಿರಲಿಲ್ಲ. ಆ ದಿನ ಬಂದಾಗ ವಾಕ್ಯವೇ ಸೇರಿಸಿತು.