ಗುಬ್ಬಿಗೆ ಬಂದವನು, ಗುಬ್ಬಿಯಿಂದ ಹೊರಟವಳು

2024ರ ಫೆಬ್ರವರಿ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಮೊಬೈಲ್ ನೋಡಿದೆ. ಒಂದೇ ನಂಬರಿನಿಂದ ನಾಲ್ಕು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಸರ್, ತುಮಕೂರಿಂದ ಮಾತಾಡ್ತಿರೋದು. ನಿಮ್ಮ ತಂದೆಯವರು ಅಡ್ಮಿಟ್ ಆಗಿದ್ದಾಗ ನೈಟ್ ಡ್ಯೂಟಿಲಿದ್ದ ಸಿಸ್ಟರ್. ಒಂದು ಕಾಗದ ಬಂದಿದೆ ಸರ್. ಓದಿ, ಸರಿ ಇದೆಯಾ ಅಂತ ಹೇಳಬೇಕಿತ್ತು."

ದನಿ ತಕ್ಷಣ ಗುರುತು ಸಿಕ್ಕಿತು. ಹೆಸರು ಮಾತ್ರ ನೆನಪಾಗಲಿಲ್ಲ. ನೆನಪಾಗೋದು ಹೇಗೆ? ನಾವು ಕೇಳಿಯೇ ಇರಲಿಲ್ಲ! ಅಪ್ಪ ಹನ್ನೊಂದು ರಾತ್ರಿ ಆ ವಾರ್ಡಿನಲ್ಲಿದ್ದರು. ಹನ್ನೊಂದು ರಾತ್ರಿಯೂ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿದವಳು, ಡ್ರಿಪ್ ಬದಲಾಯಿಸಿದವಳು, ಬೆಳಗಿನ ಜಾವ ಮೂರಕ್ಕೆ "ಅಪ್ಪಾಜಿ, ಸ್ವಲ್ಪ ನೀರು ಕುಡೀರಿ" ಅಂತ ಎಬ್ಬಿಸಿದವಳು ಇವಳೇ. ಡಿಸ್ಚಾರ್ಜ್ ಆದ ದಿನ ಡಾಕ್ಟರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬಂದೆವು. ಸಿಸ್ಟರಿಗೆ? ಥ್ಯಾಂಕ್ಸ್. ಅಷ್ಟೇ.

ಆ ಭಾನುವಾರ ತುಮಕೂರಿಗೆ ಹೋದೆ. ಎರಡು ರೂಮಿನ ಬಾಡಿಗೆ ಮನೆ. ಹೆಂಡತಿ ಗುಬ್ಬಿ ತಾಲ್ಲೂಕಿನವಳು, ಬಿ.ಎಸ್ಸಿ. ನರ್ಸಿಂಗ್, ಏಳು ವರ್ಷದ ಅನುಭವ, ಕೈಗೆ ಬರುವ ಸಂಬಳ ಹದಿನಾರು ಸಾವಿರ. ಗಂಡ ಕುಣಿಗಲ್ ಕಡೆಯವನು, ಡಿಪ್ಲೊಮಾ ಮಾಡಿದ್ದಾನೆ, ಗ್ಯಾರೇಜಿನಲ್ಲಿ ಕೆಲಸ. ನಾಲ್ಕು ವರ್ಷದ ಮಗಳು. ಇವಳನ್ನು ಓದಿಸಲು ಗುಬ್ಬಿಯ ಅಪ್ಪ ಅರ್ಧ ಅಡಿಕೆ ತೋಟ ಮಾರಿಯಾಗಿತ್ತು. ಈಗ ಕುಣಿಗಲ್ಲಿನ ಒಂದು ಎಕರೆ ತೆಂಗಿನ ತೋಟದ ಸರದಿ. ಯಾಕೆಂದರೆ ಏಜೆಂಟ್ ಕೇಳಿದ್ದು ಹದಿನಾಲ್ಕು ಲಕ್ಷ. ಐವತ್ತು ಸಾವಿರ ಅಡ್ವಾನ್ಸ್ ಹೋಗಿಯೂ ಆಗಿತ್ತು.

ಕಾಗದ ಟೇಬಲ್ ಮೇಲಿತ್ತು. ಉತ್ತರ ಐರ್ಲೆಂಡ್, ಆಂಟ್ರಿಮ್ ಕೌಂಟಿಯ ಒಂದು ಕೇರ್ ಹೋಮ್.

ಆಂಟ್ರಿಮ್! ಆ ಹೆಸರು ಓದಿದ ತಕ್ಷಣ ನನಗೆ ಗುಬ್ಬಿ ನೆನಪಾಯಿತು. ಯಾಕೆ ಗೊತ್ತಾ? ಅದಕ್ಕೆ ನೂರ ಎಂಬತ್ತು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕು.

1839ರಲ್ಲಿ ವಿಲಿಯಂ ಆರ್ಥರ್ ಅನ್ನೋ ಇಪ್ಪತ್ತು ವರ್ಷದ ಹುಡುಗ ಹಡಗು ಹತ್ತಿದ. ಹುಟ್ಟಿದ್ದು ಇದೇ ಆಂಟ್ರಿಮ್‌ನಲ್ಲಿ. ಬಂದಿಳಿದಿದ್ದು ವೆಸ್ಲಿಯನ್ ಮಿಷನ್ನಿನ ಪಾದ್ರಿಯಾಗಿ, ನಮ್ಮ ಗುಬ್ಬಿಗೆ. ಆಗ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದಿದ್ದು 1869ರಲ್ಲಿ. ಆ ಹುಡುಗ ಇಲ್ಲಿ ಕನ್ನಡ ಕಲಿತ. ಆದರೆ ಆರೋಗ್ಯ ಕೆಟ್ಟು 1841ರಲ್ಲಿ ವಾಪಸ್ ಹೋದ. 1847ರಲ್ಲಿ ಮೈಸೂರು ಸೀಮೆಯ ಅನುಭವದ ಬಗ್ಗೆ ಪುಸ್ತಕ ಬರೆದ. ಇವತ್ತಿಗೂ ಹಳೇ ಗುಬ್ಬಿಯ ಬಗ್ಗೆ ಓದುವವರು ಆ ಪುಸ್ತಕ ಹುಡುಕುತ್ತಾರೆ.

ಅವನ ಧರ್ಮಪ್ರಚಾರ ಬೇರೆ ವಿಷಯ, ಅದರ ಚರ್ಚೆ ಇಲ್ಲಿ ಬೇಡ. ನಾನು ಹೇಳ್ತಿರೋದು ದಾರಿಯ ಬಗ್ಗೆ. ಆ ದಾರಿಯಲ್ಲೇ ಮುಂದೆ ಶಾಲೆ ಬಂತು, ಆಸ್ಪತ್ರೆ ಬಂತು, ನರ್ಸ್ ಬಂದಳು. 1880ರಲ್ಲಿ ಜರ್ಮನಿ ಮೂಲದ ಫಾದರ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡಲು ಶುರು ಮಾಡಿದರು. 1886ರಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದರು. 1906ರಲ್ಲಿ ವೆಸ್ಲಿಯನ್ನರು ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ಅದನ್ನೇ ನಮ್ಮ ಜನ ಮಿಷನ್ ಆಸ್ಪತ್ರೆ ಅಂತಾರೆ. ಅಂದರೆ ನರ್ಸಿಂಗ್ ಅನ್ನೋ ಕೆಲಸ ನಮ್ಮ ಸೀಮೆಗೆ ಸಮುದ್ರ ದಾಟಿ ಬಂತು. ಇವತ್ತು ನಾವು ಬಾಯ್ತುಂಬ ಕರೆಯುವ 'ಸಿಸ್ಟರ್' ಅನ್ನೋ ಹೆಸರಿನಲ್ಲೂ ಆ ಕಾನ್ವೆಂಟಿನ ನೆನಪಿದೆ. ದಾದಿ ಅನ್ನುತ್ತಿದ್ದ ಕಾಲ ಹೋಗಿ, ಈಗ ಸರ್ಕಾರಿ ಕಡತದಲ್ಲಿ ಶುಶ್ರೂಷಾಧಿಕಾರಿ ಅಂತ ಬಂದಿದೆ. ವಾರ್ಡಿನಲ್ಲಿ ಮಾತ್ರ ಇನ್ನೂ ಸಿಸ್ಟರೇ.

ಸರಿ, ಕೆಲಸ ಬಂತು. ನಾವು ಅದನ್ನು ಹೇಗೆ ನಡೆಸಿಕೊಂಡೆವು? ಇಲ್ಲೇ ಇರೋದು ಅಸಲಿ ಕಥೆ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅದರಲ್ಲಿ ಒಂದು ಲೆಕ್ಕ ಇದೆ. ಬ್ರಿಟನ್ನಿನಲ್ಲಿ 300 ಜನಕ್ಕೆ ಒಬ್ಬ ನರ್ಸ್. ಬ್ರಿಟಿಷ್ ಇಂಡಿಯಾದಲ್ಲಿ 43,000 ಜನಕ್ಕೆ ಒಬ್ಬ ನರ್ಸ್! ನಾನು ಇಂಜಿನಿಯರಿಂಗ್ ಓದಿದವನು, ಈ ಅನುಪಾತವನ್ನು ಎರಡು ಸಲ ಓದಿದೆ. ಕಾಲೇಜು ಕಮ್ಮಿ ಇತ್ತು, ದುಡ್ಡಿರಲಿಲ್ಲ, ಒಪ್ಪಿದೆ. ಆದರೆ ಇನ್ನೊಂದು ಕಾರಣ ನಮ್ಮ ಮನೆಗಳ ಒಳಗೇ ಇತ್ತು. ಪರಜಾತಿಯವರ ರಕ್ತ, ಕೀವು, ಮಲ ಮುಟ್ಟೋ ಕೆಲಸ. ರಾತ್ರಿಯೆಲ್ಲ ಹೊರಗಿರೋ ಕೆಲಸ. ಅಂಥ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸೋದಾ? ನಮ್ಮ ಅಜ್ಜಿಯೇ "ನರ್ಸಮ್ಮನ್ನ ಸೊಸೆ ಮಾಡ್ಕೊಳ್ಳೋಕಾಗುತ್ತೇನೋ" ಅಂದಿದ್ದನ್ನು ನಾನು ಕೇಳಿದ್ದೇನೆ. ಅದೇ ಅಜ್ಜಿಯ ಕೊನೆಯ ತಿಂಗಳು ಹಾಸಿಗೆ ಬದಲಿಸಿದ್ದು ಯಾರು ಅಂದುಕೊಂಡಿರಿ?

ಹೀಗಾಗಿ ಬಹುಕಾಲ ಈ ಕೆಲಸಕ್ಕೆ ಮುಂದೆ ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚು. ಕೇರಳದವರು, ನಮ್ಮ ಕರಾವಳಿಯವರು. ಜಗತ್ತಿನ ಬಾಗಿಲುಗಳು ತೆರೆದಾಗ ಮೊದಲು ಹೊರಟವರೂ ಅವರೇ. 1948ರಲ್ಲಿ ಬ್ರಿಟನ್ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು, ಕೈಗಳು ಸಾಲದೆ ಹೊರಗಿನಿಂದ ಕರೆಯಿತು. 1960ರ ದಶಕದಲ್ಲಿ ಕೇರಳದ ಹುಡುಗಿಯರು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. 1965ರಲ್ಲಿ ಅಮೆರಿಕ ವಲಸೆ ಕಾನೂನು ಬದಲಿಸಿತು. 1973ರ ನಂತರ ತೈಲದ ದುಡ್ಡು ಬಂದು ಗಲ್ಫ್‌ನಲ್ಲಿ ಆಸ್ಪತ್ರೆಗಳು ಎದ್ದವು. ಲೆಕ್ಕ ಹಾಕಿ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಅಮೆರಿಕದ ವೀಸಾಗೆ ಸಾಲು ನಿಲ್ಲುವ ಎಷ್ಟೋ ವರ್ಷ ಮೊದಲೇ ಭಾರತದ ನರ್ಸ್ ವಿದೇಶದಲ್ಲಿ ಡ್ಯೂಟಿ ಮಾಡ್ತಿದ್ದಳು. ಊರಿಗೆ ದುಡ್ಡು ಕಳಿಸ್ತಿದ್ದಳು. ತಮ್ಮಂದಿರನ್ನು ಓದಿಸ್ತಿದ್ದಳು. ಗಂಡನನ್ನು ಆಮೇಲೆ ಕರೆಸಿಕೊಳ್ತಿದ್ದಳು.

ನನ್ನ ಕ್ಲಾಸ್‌ಮೇಟ್ ಅಮೆರಿಕಕ್ಕೆ ಹೊರಟಾಗ ಊರಲ್ಲಿ ಫ್ಲೆಕ್ಸ್ ಹಾಕಿದ್ದರು. ನರ್ಸ್ ಹೊರಟಾಗ ಫ್ಲೆಕ್ಸ್ ಹಾಕಿದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಇನ್ನೊಂದು ಹೆಸರು ಹೇಳಬೇಕು. ಜೆಸಿಂತಾ ಸಲ್ಡಾನಾ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಒಮಾನ್‌ನಲ್ಲಿ ದುಡಿದು, ಗಂಡನ ಜೊತೆ ಇಂಗ್ಲೆಂಡಿಗೆ ಹೋದವರು. ಸಂಸಾರ ಬ್ರಿಸ್ಟಲ್‌ನಲ್ಲಿ, ಕೆಲಸ ಲಂಡನ್ನಿನ ಕಿಂಗ್ ಎಡ್ವರ್ಡ್ ಆಸ್ಪತ್ರೆಯಲ್ಲಿ. 2012ರ ಡಿಸೆಂಬರ್ 4ರಂದು ಆಸ್ಟ್ರೇಲಿಯಾದ ಇಬ್ಬರು ರೇಡಿಯೊ ನಿರೂಪಕರು ರಾಣಿ ಮತ್ತು ರಾಜಕುಮಾರ ಚಾರ್ಲ್ಸ್ ದನಿಯಲ್ಲಿ ಆ ಆಸ್ಪತ್ರೆಗೆ ಫೋನ್ ಮಾಡಿದರು. ಗರ್ಭಿಣಿ ಕೇಟ್ ಅಲ್ಲಿ ದಾಖಲಾಗಿದ್ದರು. ಫೋನ್ ಎತ್ತಿದ ಜೆಸಿಂತಾ ನಂಬಿ ವಾರ್ಡಿಗೆ ಕೊಟ್ಟರು. ಆ ತಮಾಷೆಯನ್ನು ಜಗತ್ತೆಲ್ಲ ಕೇಳಿ ನಕ್ಕಿತು. ಮೂರು ದಿನದ ನಂತರ ಜೆಸಿಂತಾ ಪ್ರಾಣ ಬಿಟ್ಟರು. ದೇಹ ಉಡುಪಿ ಜಿಲ್ಲೆಯ ಶಿರ್ವಕ್ಕೆ ಬಂತು.

ಆಗ ನಾನು ನ್ಯೂಸ್ ಡೆಸ್ಕಿನಲ್ಲಿ ಟ್ರೈನಿ. ಆ ತಮಾಷೆ ಫೋನಿನ ಸುದ್ದಿಯನ್ನು ಮೂವತ್ತು ಸೆಕೆಂಡಿನ ಕಾಮಿಡಿ ಐಟಂ ಮಾಡಿ ಬರೆದುಕೊಟ್ಟವನು ನಾನೇ. ಮೂರು ದಿನ ಬಿಟ್ಟು 'ಕನ್ನಡತಿಯ ದುರಂತ' ಅಂತ ಬ್ರೇಕಿಂಗ್ ಬರೆದವನೂ ನಾನೇ. ಫೋನ್ ಎತ್ತಿದ ಆ ಕೈ ಯಾರದು, ಅವಳು ಎಷ್ಟು ಸಮುದ್ರ ದಾಟಿ ಅಲ್ಲಿಗೆ ಬಂದಿದ್ದಳು ಅಂತ ಮೊದಲ ದಿನ ನಾನು ಯೋಚನೆ ಮಾಡಿರಲಿಲ್ಲ. ಅಪ್ಪನ ವಾರ್ಡಿನಲ್ಲೂ ಸಿಸ್ಟರ್ ಹೆಸರು ಕೇಳಲಿಲ್ಲ ಅಂದೆನಲ್ಲ? ಅದೇ ರೋಗ ಇದು.

ಈಗ ಮತ್ತೆ ತುಮಕೂರಿನ ಆ ಟೇಬಲ್ಲಿಗೆ ಬರೋಣ.

ಕಾಗದದ ಮೂರನೇ ಪ್ಯಾರಾದಲ್ಲಿ ಹುದ್ದೆ ಬರೆದಿತ್ತು: ಕೇರ್ ಅಸಿಸ್ಟೆಂಟ್. ಎಲ್ಲೂ ನರ್ಸ್ ಅಂತ ಇಲ್ಲ. "ಇದು ನರ್ಸ್ ಕೆಲಸ ಅಲ್ಲಮ್ಮ" ಅಂದೆ. "ಗೊತ್ತು ಸರ್. ಅಲ್ಲಿಗೆ ಹೋದ ಮೇಲೆ ನರ್ಸ್ ಮಾಡ್ತಾರಂತೆ, ಏಜೆಂಟ್ ಹೇಳಿದ್ರು." ಹಾಗೆ ತಾನಾಗೇ ಯಾರೂ ನರ್ಸ್ ಮಾಡೋದಿಲ್ಲ. ಬ್ರಿಟನ್ನಿನಲ್ಲಿ ನರ್ಸ್ ಆಗಬೇಕಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ಬರಬೇಕು. ಅದಕ್ಕೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಆಮೇಲೆ ಕೈಯಲ್ಲಿ ಮಾಡಿ ತೋರಿಸುವ ಪ್ರಾಕ್ಟಿಕಲ್ ಪರೀಕ್ಷೆ. ಇವಳು ಒಂದನ್ನೂ ಬರೆದಿರಲಿಲ್ಲ. ಬರೆಯೋದೇ ಬೇಡ ಅಂದಿದ್ದನಂತೆ ಏಜೆಂಟ್.

ಇನ್ನೂ ದೊಡ್ಡ ಗುಂಡಿ ಮುಂದಿತ್ತು. ಬ್ರಿಟನ್ ಸರ್ಕಾರ ಹೊಸ ನಿಯಮ ಘೋಷಿಸಿಯಾಗಿತ್ತು. 2024ರ ಮಾರ್ಚ್ 11ರಿಂದ ಕೇರ್ ವರ್ಕರ್ ಆಗಿ ಹೊಸದಾಗಿ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆತರುವ ಹಾಗಿಲ್ಲ. ನರ್ಸ್ ಆಗಿ ಹೋದರೆ ಕರೆದೊಯ್ಯಬಹುದು. ನಾನು ಅವರಿಬ್ಬರನ್ನು ಕೇಳಿದೆ, "ತೋಟ ಮಾರ್ತೀರಿ. ಇವಳು ಹೋಗ್ತಾಳೆ. ನೀವು ಮತ್ತು ಮಗಳು ಇಲ್ಲೇ. ಇದಕ್ಕೆ ಒಪ್ಪಿಗೆ ಇದೆಯಾ?"

ಗಂಡ ತಲೆ ತಗ್ಗಿಸಿ ಕೂತ. ಆಮೇಲೆ ಹೇಳಿದ: "ಮೂವರೂ ಒಟ್ಟಿಗೆ ಅಂದಿದ್ರು ಸರ್. ಅದಕ್ಕೇ ಅವ್ವ ತೋಟಕ್ಕೆ ಒಪ್ಪಿದ್ದು."

ಇದು ಹೊಸ ಮೋಸ ಅಂದುಕೊಳ್ಳಬೇಡಿ. 2015ರಲ್ಲಿ ಕೊಚ್ಚಿಯಲ್ಲಿ ಸಿಬಿಐ ಒಂದು ಪ್ರಕರಣ ದಾಖಲಿಸಿತು. ಕುವೈತಿಗೆ ಹೋಗುವ ನರ್ಸುಗಳಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಾದ ಜಾಗದಲ್ಲಿ 19.5 ಲಕ್ಷ ತೆಗೆದುಕೊಂಡರು ಅನ್ನೋದು ಆರೋಪ. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳಿಗೆ ನರ್ಸುಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಅಂತ ನಿಯಮ ತಂದಿತು. ಆ ಪಟ್ಟಿಯಲ್ಲಿ ಬ್ರಿಟನ್ ಇಲ್ಲ. ಆದರೆ ಪರವಾನಗಿ ಇರುವ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಮ್ಮ ವಲಸೆ ನಿಯಮದಲ್ಲಿ ಮಿತಿ ಇದೆ: 30,000 ರೂಪಾಯಿ ಮತ್ತು ಜಿಎಸ್‌ಟಿ. ಹದಿನಾಲ್ಕು ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ? ಏಜೆಂಟಿಗೆ ಪರವಾನಗಿ ಇದೆಯಾ ಅಂತ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಐದು ನಿಮಿಷದಲ್ಲಿ ನೋಡಬಹುದು. ನಾವು ನೋಡಿದೆವು. ಆ ಹೆಸರು ಅಲ್ಲಿ ಇರಲಿಲ್ಲ.

"ಹಾಗಾದ್ರೆ ಹೋಗೋದೇ ಬೇಡ್ವಾ ಸರ್?" ಅಂತ ಅವಳು ಕೇಳಿದಳು.

ಈ ಪ್ರಶ್ನೆಗೆ ಟಿವಿಯಲ್ಲಿ ಕೂತು ಉತ್ತರ ಕೊಡೋದು ಬಹಳ ಸುಲಭ. 'ದೇಶ ಬಿಟ್ಟು ಯಾಕೆ ಹೋಗ್ತೀರಿ, ಇಲ್ಲೇ ಸೇವೆ ಮಾಡಿ' ಅಂದರೆ ಚಪ್ಪಾಳೆಯೂ ಬೀಳುತ್ತೆ. ಆದರೆ ಹದಿನಾರು ಸಾವಿರದ ಸಂಬಳದ ಚೀಟಿಯನ್ನು ಎದುರಿಗಿಟ್ಟುಕೊಂಡು ಆ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೇಂದ್ರ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. ಐವತ್ತಕ್ಕಿಂತ ಕಮ್ಮಿ ಹಾಸಿಗೆಯ ಖಾಸಗಿ ಆಸ್ಪತ್ರೆ ಕೂಡ ನರ್ಸಿಗೆ 20,000ಕ್ಕಿಂತ ಕಮ್ಮಿ ಕೊಡಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಅದು ಶಿಫಾರಸು ಮಾಡಿತು. ಎಂಟು ವರ್ಷ ಆದ ಮೇಲೂ, ಏಳು ವರ್ಷ ಅನುಭವದ ನರ್ಸಿಗೆ ಹದಿನಾರು ಸಾವಿರ. ಇಲ್ಲಿ ಸೇವೆ ಮಾಡು ಅನ್ನುವ ನಾವು, ಆ ಸೇವೆಗೆ ಕೊಡುವ ಬೆಲೆ ಇದು. ಮೊದಲು ಮುಟ್ಟಬಾರದ ಕೆಲಸ ಅಂದೆವು. ಆಮೇಲೆ ಅವಳ ಕೈಯಲ್ಲೇ ಬದುಕಿಕೊಂಡೆವು. ಈಗ ಹೊರಟರೆ ದೇಶಪ್ರೇಮದ ಪಾಠ. ಇದು ಯಾವ ನ್ಯಾಯ ಸ್ವಾಮಿ?

ಹಾಗಾಗಿ ನಾನು ಹೇಳಿದ್ದು ಇಷ್ಟೇ. "ಹೋಗಮ್ಮ. ಆದರೆ ನರ್ಸ್ ಆಗಿಯೇ ಹೋಗು. ಏಳು ವರ್ಷ ನೀನು ಕಲಿತಿದ್ದನ್ನು ಮರೆಮಾಚಿ, ಬೇರೆ ಹೆಸರಿನ ಕಾಗದದಲ್ಲಿ ಹೋಗಬೇಡ. ಪರೀಕ್ಷೆ ಬರಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಲ್ಲೇ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ಅಲ್ಲಿ ವಿಚಾರಿಸು. ಒಂದೆರಡು ವರ್ಷ ತಡವಾಗುತ್ತೆ. ಆಗಲಿ. ತೋಟ ಉಳಿಯುತ್ತೆ, ಮೂವರೂ ಒಟ್ಟಿಗಿರ್ತೀರಿ."

ಐವತ್ತು ಸಾವಿರ ಅಡ್ವಾನ್ಸ್ ವಾಪಸ್ ಬರಲಿಲ್ಲ. ಏಜೆಂಟಿನ ಫೋನ್ ಸ್ವಿಚ್ಡ್ ಆಫ್. ತುಮಕೂರಿನಲ್ಲಿ ದೂರು ಕೊಟ್ಟಿದ್ದಾರೆ. 2025ರ ಜುಲೈ 22ಕ್ಕೆ ಬ್ರಿಟನ್ ಹೊರದೇಶಗಳಿಂದ ಹೊಸದಾಗಿ ಕೇರ್ ವರ್ಕರುಗಳನ್ನು ತೆಗೆದುಕೊಳ್ಳುವ ಬಾಗಿಲನ್ನೇ ಮುಚ್ಚಿತು. ಅವತ್ತು ಆ ಸುದ್ದಿ ಓದುವಾಗ ನನಗೆ ಕುಣಿಗಲ್ಲಿನ ಆ ಒಂದು ಎಕರೆ ತೆಂಗಿನ ಮರಗಳು ಕಣ್ಣ ಮುಂದೆ ಬಂದವು.

ಅವಳು ಇಂಗ್ಲಿಷ್ ಪರೀಕ್ಷೆಯಲ್ಲಿ ಒಮ್ಮೆ ಫೇಲ್ ಆದಳು, ಎರಡನೇ ಸಲ ಪಾಸಾದಳು. ರಾತ್ರಿ ಡ್ಯೂಟಿ ಮುಗಿಸಿ ಬಂದು ಮುಂದಿನ ಪರೀಕ್ಷೆಗೆ ಓದುತ್ತಿದ್ದಾಳೆ. ಗಂಡ ಅಡುಗೆ ಮಾಡಿ, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಎಲ್ಲಿಗೆ ಹೋಗ್ತಾರೋ, ಯಾವಾಗ ಹೋಗ್ತಾರೋ, ಅದು ಅವರ ನಿರ್ಧಾರ.

ಅಂದಹಾಗೆ, ಆ ಭಾನುವಾರ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ತಾ ನಾನು ಅವಳ ಹೆಸರು ಕೇಳಿದೆ. ಹೇಳಿದಳು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕರು: "ನನಗೆ ಗೊತ್ತಿತ್ತು ಕಣೋ. ಎರಡನೇ ರಾತ್ರಿನೇ ಕೇಳಿದ್ದೆ."