ಉಳಿಗೆ ಹದ ಕೊಟ್ಟವರು

ಕುರುಗೋಡಿನ ಗುಡಿಗಳನ್ನು ನೋಡಲು ಹೋದವರು ದೊಡ್ಡಬಸವೇಶ್ವರನ ಏಕಶಿಲಾ ನಂದಿಯೆದುರು ಬೆರಗಾಗಿ ನಿಲ್ಲುವುದು ವಾಡಿಕೆ. ನನಗೆ ಮಾತ್ರ ಅಲ್ಲಿ ಬೇರೊಬ್ಬನ ನೆನಪಾಗುತ್ತದೆ. ಗಟ್ಟಿ ಕಲ್ಲಿನ ಮೇಲೆ ಉಳಿಯ ಮೊನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದನ್ನು ಕುಲುಮೆಗೆ ಒಯ್ದು, ಕಾಯಿಸಿ, ಬಡಿದು, ನೀರಿನಲ್ಲದ್ದಿ ಹದ ಕೊಟ್ಟು ತರಬೇಕು. ಗುಡಿಯ ಕೆಲಸ ನಡೆಯುವಷ್ಟು ಕಾಲವೂ ಕಲ್ಲುಕುಟಿಗನ ಪಕ್ಕದಲ್ಲಿ ಕಮ್ಮಾರನ ತಿದಿ ಊದುತ್ತಿರಲೇಬೇಕು. ನಮ್ಮ ಶಾಸನಗಳ ಕೊನೆಯಲ್ಲಿ ಬರೆದ ಕವಿಯ ಹೆಸರು ಸಿಕ್ಕೀತು, ಕಂಡರಿಸಿದ ರೂವಾರಿಯ ಹೆಸರೂ ಸಿಕ್ಕೀತು; ಉಳಿಗೆ ಹದ ಕೊಟ್ಟವನ ಹೆಸರನ್ನು ನಾನು ಇದುವರೆಗೆ ಓದಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ಗುಡಿಯ ಜಗುಲಿಯ ಮೇಲೆ ಕುಳಿತು ಈ ಮಾತನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಸಿರುಗುಪ್ಪದ ಹುಡುಗ, ತಂದೆ ಅಕ್ಕಿ ಗಿರಣಿಯಲ್ಲಿ ಫಿಟ್ಟರ್, ತಾನು ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ಅವನು ನಕ್ಕು, “ಸರ, ನಾ ಮಾಡೋದೂ ಅದ ಕೆಲಸರೀ” ಎಂದ. ಆಮೇಲೆ ಚೀಲದಿಂದ ಅಂಗೈಯಗಲದ ಹಳೆಯ ಯಂತ್ರವೊಂದನ್ನು ತೆಗೆದು ನನ್ನ ಮುಂದಿಟ್ಟ. ಅದು ಸಿಂಪ್ಯೂಟರ್.

ವಾಚಕರಲ್ಲಿ ಕೆಲವರಿಗೆ ಈ ಹೆಸರು ನೆನಪಿದ್ದೀತು. ಹಳ್ಳಿಯ ಸಾಮಾನ್ಯನಿಗೂ ಕೈಗೆಟುಕುವ, ಅವನ ಭಾಷೆಯಲ್ಲೇ ಮಾತನಾಡುವ ಗಣಕಯಂತ್ರವೊಂದು ಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಎಂಬ ಕಂಪನಿಯ ತಂತ್ರಜ್ಞರೂ ಸೇರಿ 1999ರ ಸುಮಾರಿಗೆ ಒಂದು ಟ್ರಸ್ಟನ್ನು ಕಟ್ಟಿದರು. 2001ರ ಏಪ್ರಿಲಿನಲ್ಲಿ ಮಾದರಿಯಂತ್ರ ಹೊರಬಂತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದುದು ಭಾರತ್ ಎಲೆಕ್ಟ್ರಾನಿಕ್ಸ್. ಒಂದು ಯಂತ್ರವನ್ನು ಊರಿನ ಹತ್ತಾರು ಜನ ಹಂಚಿಕೊಳ್ಳಲೆಂದು ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಓದಲು ಬಾರದವನಿಗಾಗಿ ಬರಹವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ. ಎಂತಹ ಕನಸು! ಆದರೆ ಮಾರಾಟವಾದುದು ಕೆಲವೇ ಸಾವಿರ. ಅಗ್ಗದ ಮೊಬೈಲ್ ಫೋನು ಅದನ್ನು ನುಂಗಿತೆಂದು ಪತ್ರಿಕೆಗಳು ಬರೆದವು. ಅದು ಸುಳ್ಳಲ್ಲ. ಆದರೆ ಯಂತ್ರಕ್ಕೆ ಎರಡನೆಯ ಸಾವೊಂದುಂಟು. ಅದನ್ನು ಕುರಿತು ಯಾರೂ ಬರೆದಂತೆ ಕಾಣೆ.

“ಇದು ಕೆಟ್ಟಿಲ್ರೀ ಸರ. ಇದರ ಭಾಷಾ ಬಲ್ಲವರು ಉಳಿದಿಲ್ಲ” ಎಂದ ಹುಡುಗ.

ಯಂತ್ರದ ತಿರುಳಾದ ಚಿಪ್ಪಿಗೆ ತಿಳಿಯುವುದು ತನ್ನದೇ ಒಂದು ಅಂಕಿಭಾಷೆ. ಮನುಷ್ಯ ‘ಸಿ’ಯಂತಹ ಭಾಷೆಯಲ್ಲಿ ಬರೆದುದನ್ನು ಆ ಅಂಕಿಭಾಷೆಗೆ ತರುವ ಭಾಷಾಂತರಕಾರನಿಗೆ ಕಂಪೈಲರ್ ಎಂದು ಹೆಸರು. ಅದರ ಬೆನ್ನಿಗೆ ತುಂಡುಗಳನ್ನು ಬೆಸೆಯುವ ಲಿಂಕರ್, ಸಿದ್ಧ ಸಾಮಗ್ರಿಯ ಲೈಬ್ರರಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಈ ಸಲಕರಣೆಗಳ ಸರಪಳಿಯೇ ಟೂಲ್‌ಚೈನ್. ವಿದ್ಯುತ್ ಮೀಟರು, ಪಂಪ್‌ಸೆಟ್ಟಿನ ನಿಯಂತ್ರಕ, ಆಸ್ಪತ್ರೆಯ ಉಪಕರಣ, ಇವುಗಳೊಳಗಿನ ಪುಟ್ಟ ಗಣಕಕ್ಕೂ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಅದನ್ನು ದೊಡ್ಡ ಗಣಕದ ಮೇಲೆ ಕಟ್ಟಿ ಚಿಕ್ಕದಕ್ಕೆ ತುಂಬಬೇಕು. ಕಂಪೈಲರ್ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಮೀಟರು ಮಾತ್ರ ಗೋಡೆಯ ಮೇಲೆ ಹತ್ತು ಹದಿನೈದು ವರ್ಷ ಇದ್ದಲ್ಲೇ ಇರುತ್ತದೆ. ಹೊಸ ಕಂಪೈಲರ್ ನಾಲ್ಕು ಬೈಟು ಹೆಚ್ಚು ಉಗುಳಿದರೆ ಹಳೆಯ ಚಿಪ್ಪಿನಲ್ಲಿ ಜಾಗ ಸಾಲದು. ಇವೆರಡನ್ನೂ ಒಗ್ಗಿಸುವುದೇ ನಮ್ಮ ಹುಡುಗನ ಉದ್ಯೋಗ. ಅವನ ತಂದೆ ಗಿರಣಿಯಲ್ಲಿ ಮಾಡುವ ಕೆಲಸಕ್ಕೂ ಇದಕ್ಕೂ ನನಗೆ ಹೆಚ್ಚು ದೂರ ಕಾಣಲಿಲ್ಲ.

ಈ ಭಾಷಾಂತರಕಾರನ ಚರಿತ್ರೆ ದೀರ್ಘವಾದುದೇನಲ್ಲ. 1952ರಲ್ಲಿ ಅಮೆರಿಕದ ಗ್ರೇಸ್ ಹಾಪರ್ ತಮ್ಮ ‘ಎ-0’ ಎಂಬ ರಚನೆಯನ್ನು ಕಂಪೈಲರ್ ಎಂದು ಕರೆದರು. 1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರ ಫೋರ್ಟ್ರಾನ್ ಬಂತು. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಜಿಸಿಸಿ ಹೊರಬಿದ್ದಾಗ ಮೂಲಪಠ್ಯವೂ ಎಲ್ಲರ ಕೈಸೇರಿತು. ಯಾವ ಚಿಪ್ಪಿನ ನುಡಿಯನ್ನಾದರೂ ಯಾರಾದರೂ ಅದಕ್ಕೆ ಕಲಿಸಬಹುದಾಯಿತು. ಸಿಂಪ್ಯೂಟರಿನಂತಹ ಬಡಯಂತ್ರ ಹುಟ್ಟಲು ಸಾಧ್ಯವಾದುದೇ ಇಂತಹ ಔದಾರ್ಯದಿಂದ. ಆದರೆ ಕಲಿಸಿದ ಮೇಲೆ ಮರೆಯದಂತೆ ನೋಡಿಕೊಳ್ಳುವವರೂ ಬೇಕು. ನೋಡಿಕೊಳ್ಳುವವರಿಲ್ಲದ ನುಡಿಯನ್ನು ಒಂದು ಆವೃತ್ತಿಯಲ್ಲಿ ‘ಬಳಕೆ ತಪ್ಪಿದ್ದು’ ಎಂದು ಗುರುತಿಸಿ, ಮುಂದಿನದರಲ್ಲಿ ತೆಗೆದುಹಾಕುವುದು ಅಲ್ಲಿಯ ಪದ್ಧತಿ. ಱ, ೞ ಅಕ್ಷರಗಳ ಮೊಳೆಗಳಿಲ್ಲದ ಮುದ್ರಣಾಲಯಕ್ಕೆ ಪಂಪಭಾರತದ ಹಸ್ತಪ್ರತಿಯನ್ನು ಒಯ್ದವನ ಪಾಡನ್ನು ನೆನೆಯಿರಿ. ಕಾವ್ಯ ಕೆಟ್ಟಿಲ್ಲ, ಮುದ್ರಕನೂ ದಡ್ಡನಲ್ಲ. ಮೊಳೆಯ ಪೆಟ್ಟಿಗೆಯಲ್ಲಿ ಎರಡು ಮನೆಗಳು ಖಾಲಿ, ಅಷ್ಟೆ.

ಸಿಂಪ್ಯೂಟರಿಗೆ ಬಂದ ಸಂಕಟ ಇದರ ತಿರುವುಮುರುವು. ಅದರ ಚಿಪ್ಪು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್. ಆರ್ಮ್ ಮನೆತನದ ನಾಲ್ಕನೆಯ ತಲೆಮಾರು. ಆ ಮನೆತನದ ಮುಂದಿನ ಮಕ್ಕಳು ‘ಬಿಎಕ್ಸ್’ ಎಂಬ ಹೊಸ ಆದೇಶವೊಂದನ್ನು ಕಲಿತರು. ಒಂದು ಕೆಲಸ ಮುಗಿಸಿ ಹೊರಟಲ್ಲಿಗೆ ಹಿಂತಿರುಗುವಾಗ ಆಡುವ ಮಾತು ಅದು. ಹೊಸ ಕಟ್ಟಳೆಯಂತೆ ನಡೆಯುವ ಸಲಕರಣೆಗಳು ಎಲ್ಲ ಚಿಪ್ಪುಗಳಿಗೂ ಆ ಮಾತು ಬಂದೇ ಬರುವುದೆಂದು ನಂಬಿದವು. ಸ್ಟ್ರಾಂಗ್‌ಆರ್ಮ್‌ಗೆ ಬಾರದು, ಕೇಳಿದೊಡನೆ ದಿಕ್ಕುಗೆಟ್ಟು ನಿಲ್ಲುತ್ತದೆ. ಹಳೆಯ ಕಟ್ಟಳೆಗೆ ಡೆಬಿಯನ್ ಎಂಬ ಲಿನಕ್ಸ್ ಸಂಚಯದ 2009ರ ಆವೃತ್ತಿಯೇ ಕೊನೆಯದಾಯಿತು. 2019ರಲ್ಲಿ ಜಿಸಿಸಿಯ ಒಂಬತ್ತನೆಯ ಆವೃತ್ತಿ ಆರ್ಮ್‌ನ ಎರಡನೆಯ ಮತ್ತು ಮೂರನೆಯ ತಲೆಮಾರುಗಳನ್ನು ಕೈಬಿಟ್ಟಾಗ ನಾಲ್ಕನೆಯದು ಕೂದಲೆಳೆಯಲ್ಲಿ ಉಳಿದುಕೊಂಡಿತು. ಯಾರೋ ಪುಣ್ಯಾತ್ಮರು ಲಿಂಕರಿನಲ್ಲಿ ಒಂದು ಕೀಲಿಯನ್ನೂ ಇಟ್ಟಿದ್ದರು: ಅದನ್ನು ತಿರುಗಿಸಿದರೆ ‘ಬಿಎಕ್ಸ್’ ಬಂದಲ್ಲೆಲ್ಲ ಹಳೆಯ ಮಾತನ್ನೇ ಹಾಕಿಕೊಡುತ್ತದೆ. ಇಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಅದೇ ಹೊತ್ತಿನಲ್ಲಿ ರಮೇಶ್ ಹರಿಹರನ್ ಅವರ ‘ಧ್ವನಿ’ಯ ಗತಿ ಬೇರೆಯಾಯಿತು. ಅದರ ಮೂಲಪಠ್ಯ ತೆರೆದಿದ್ದುದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು, ಮತ್ತಷ್ಟು ಭಾರತೀಯ ಭಾಷೆಗಳನ್ನು ಸೇರಿಸಿ, ಸಾಮಾನ್ಯ ಗಣಕಗಳ ಮೇಲೆ ಓಡುವಂತೆ ಮಾಡಿದರು. ಒಡಲು ಬೀರುವಿನಲ್ಲಿ ಮಲಗಿತು. ದನಿ ಮನೆ ಬದಲಾಯಿಸಿ ಬದುಕಿತು.

ರಾಕೆಟ್ಟು ಹಾರಿಸುವವರು ಈ ಪರಾವಲಂಬನೆಯ ಅಪಾಯವನ್ನು ಅರಿತವರೆಂದು ತೋರುತ್ತದೆ. 2025ರ ಮಾರ್ಚಿನಲ್ಲಿ ಇಸ್ರೋ ‘ವಿಕ್ರಮ್ 3201’ ಎಂಬ ಸ್ವದೇಶೀ ಚಿಪ್ಪನ್ನು ಪ್ರಕಟಿಸಿದಾಗ, ಅದರ ಅಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳನ್ನೂ ತಾನೇ ಸಿದ್ಧಪಡಿಸಿರುವುದಾಗಿ ಹೇಳಿತು. ಚಿಪ್ಪಿನ ಚಿತ್ರ ಎಲ್ಲೆಡೆ ಅಚ್ಚಾಯಿತು. ಕಂಪೈಲರಿನ ಚಿತ್ರ ತೆಗೆಯುವ ಬಗೆಯಾದರೂ ಹೇಗೆ?

ಹುಡುಗನಿಗೆ ಆ ದನಿಯನ್ನು ಮರಳಿ ಆ ಒಡಲಿಗೇ ತುಂಬುವ ಹಟ. ಬಳ್ಳಾರಿಯ ನಮ್ಮ ಮನೆಯಲ್ಲಿ ಎರಡು ರಾತ್ರಿ ಕುಳಿತ. ಕೀಲಿ ತಿರುಗಿಸಿ ಕಟ್ಟಿದರೂ ಕಾರ್ಯಕ್ರಮ ಅರ್ಧದಲ್ಲೇ ನಿಲ್ಲುತ್ತಿತ್ತು. ತಾನು ಬರೆದುದರಲ್ಲಿ ತಪ್ಪಿಲ್ಲ. ಬೇರೆಯವರು ಕಟ್ಟಿಟ್ಟಿದ್ದ ಲೈಬ್ರರಿಯೊಂದರ ಹೊಟ್ಟೆಯಲ್ಲಿ ಆ ಹೊಸ ಮಾತು ಅಡಗಿತ್ತು. ಅದನ್ನೂ ಬುಡದಿಂದ ಕಟ್ಟಬೇಕೆಂದು ಹೇಳಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ. “ಇದರಿಂದ ಯಾರಿಗೇನು ಲಾಭವೋ?” ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, “ಅಮ್ಮ, ನಾಳೆ ಮೀಟರಿಗೂ ಇದ ಗತಿ ಬರ್ತೈತಿ. ಈಗ ಕಲ್ತಿರಬೇಕ್ರೀ” ಎಂದಿದ್ದ.

ಮೂರು ವಾರದ ಮೇಲೆ ಫೋನು ಬಂತು. ಲೈಬ್ರರಿ ಕಟ್ಟಿದ್ದಾಯಿತಂತೆ. ಯಂತ್ರವನ್ನು ಫೋನಿನ ಹತ್ತಿರ ಹಿಡಿದ. ಗೊರಗೊರ ಸದ್ದಿನ ನಡುವೆ ಯಾರೋ ದೂರದಿಂದ ಅಕ್ಷರ ಅಕ್ಷರವಾಗಿ ಅವನ ಊರಿನ ಹೆಸರನ್ನು ಹೇಳಿದಂತೆ ಕೇಳಿಸಿತು.